ಎದೆಯ ಮೇಲಿಟ್ಟ ಅಂಗೈ

ಕನ್ನಡಕದ ಅಂಗಡಿಗೆ ಬಂದವರಿಗೆ ಅವರು ಕನ್ನಡಕದವರು, ಬಾಸ್ಕೆಟ್‌ಬಾಲ್ ಅಂಗಳಕ್ಕೆ ಬಂದವರಿಗೆ ಕಲಂ ಸರ್. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಅಂಗಡಿಯ ಲೈಸೆನ್ಸಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಸಾಗುವುದಕ್ಕೆ ಡ್ರಿಬಲ್ ಎನ್ನುತ್ತಾರಲ್ಲ, ಅದರ ನಿಯಮ ಪುಸ್ತಕದ ಇಪ್ಪತ್ನಾಲ್ಕನೆಯ ಕಲಮಿನಲ್ಲಿದೆ. ಯಾರು ಎಲ್ಲಿ ಡ್ರಿಬಲ್ಲಿನ ಜಗಳ ತೆಗೆದರೂ ಇವರು ಹೋಗಿ ಆ ಕಲಮನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಒಪ್ಪಿಸಿ ಮುಗಿಸುವ ಹೊತ್ತಿಗೆ ಜಗಳಕ್ಕೆ ನಿಂತವರಿಗೆ ಜಗಳ ಯಾತಕ್ಕೆಂಬುದೇ ಮರೆತಿರುತ್ತಿತ್ತು. ಮೂವತ್ತು ವರ್ಷ ಸೀಟಿ ಊದಿದವರು, ಹದಿನೈದು ವರ್ಷದಿಂದ ಹೊಸ ರೆಫ್ರಿಗಳಿಗೆ ಪಾಠ ಹೇಳುವವರು. ನೋಡುವವರ ಸಾಲಿನಿಂದ ಯಾರಾದರೂ, ‘ಕನ್ನಡಕದವ್ರೇ, ನಿಮಗೂ ಒಂದು ಮಾಡ್ಕೊಳ್ಳಿ’ ಎಂದು ಕೂಗಿದರೆ ಮೀಸೆಯೊಳಗೇ ನಗುತ್ತಿದ್ದರು. ದೂರದ ನೋಟದ ಮಟ್ಟಿಗೆ ಐವತ್ತೆಂಟರಲ್ಲೂ ಅವರ ಕಣ್ಣು ಹದ್ದಿನ ಕಣ್ಣು, ಅದು ಅವರಿಗೂ ಗೊತ್ತಿತ್ತು.

ಮಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಅವನು ಮದುವೆಯಾಗಿ ಹೆಂಡತಿಯನ್ನು ಮನೆಗೆ ತಂದ, ಸೀಟಿಯನ್ನು ಮಾತ್ರ ಅವಳೇ ತಂದಳು. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಹುಡುಗಿಯಾಗಿದ್ದಾಗ ಬಾಸ್ಕೆಟ್‌ಬಾಲ್ ಆಡಿದವಳು. ಮಾವ ಪುಸ್ತಕ ಹಿಡಿದು ಕೂತದ್ದು ಕಂಡು, ನನಗೂ ಹೇಳಿಕೊಡಿ ಎಂದಳು. ಅಡುಗೆಮನೆಯ ಮೇಜಿನ ಮುಂದೆ ಆರು ತಿಂಗಳು ಪಾಠ ನಡೆಯಿತು. ಕಲಂ ಸರ್ ಇಪ್ಪತ್ನಾಲ್ಕನೆಯ ಕಲಮನ್ನು ಒಂದು ಗಂಟೆ ವಿವರಿಸಿದ ದಿನ ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, ಕೊನೆಗೆ ಹೇಳಿದಳು:

“ಅಂದ್ರೆ ಡ್ರಿಬಲ್ಲು ಟಿಕೆಟ್ ಇದ್ದ ಹಾಗೆ. ಎರಡೂ ಕೈಯಲ್ಲಿ ಚೆಂಡು ಹಿಡಿದ್ರೆ ಬಸ್ಸಿಂದ ಇಳಿದ ಹಾಗೆ, ಅದೇ ಟಿಕೆಟ್ಟಲ್ಲಿ ಮತ್ತೆ ಹತ್ತೋ ಹಾಗಿಲ್ಲ. ಆದ್ರೆ ಎದುರಾಳಿ ಬೆರಳು ಚೆಂಡಿಗೆ ತಗುಲಿ ಕೈ ತಪ್ಪಿದ್ರೆ ಹೊಸ ಟಿಕೆಟ್ ಸಿಕ್ಕ ಹಾಗೆ. ಮತ್ತೆ ಬಡೀಬಹುದು. ಸರೀನಾ ಮಾವ?”

ಹದಿನೈದು ವರ್ಷದಲ್ಲಿ ತಾನು ಹೇಳಲಾರದ್ದನ್ನು ಇವಳು ಸೊಪ್ಪಿನ ಕಡ್ಡಿಯ ಜೊತೆಗೆ ಮುರಿದು ಹಾಕಿದಳಲ್ಲ ಎಂದು ಅವರಿಗೆ ಹೆಮ್ಮೆಯಾಯಿತು. ಚೂರು ಹೊಟ್ಟೆಕಿಚ್ಚೂ ಆಯಿತು. ಮುಂದಿನ ತರಗತಿಯಿಂದ ಆ ಟಿಕೆಟ್ಟನ್ನು ತಮ್ಮದೇ ಎಂಬಂತೆ ಹೇಳತೊಡಗಿದರು. ಅವಳು ಅದನ್ನು ಅವರಿಗೇ ಬಿಟ್ಟುಕೊಟ್ಟಳು.

ಊರಿನಲ್ಲಿ ರೆಫ್ರಿಗಳ ಬರ. ಹಾಗಾಗಿ ಮಾವ ಸೊಸೆ ಇಬ್ಬರೂ ಒಂದೇ ಪಂದ್ಯಕ್ಕೆ ನಿಲ್ಲುವುದು ವಾಡಿಕೆಯಾಯಿತು. ಮನೆಯಲ್ಲಿ ಮಾವ, ಅಂಗಳದಲ್ಲಿ ಸರ್. ಅಂಗಳವನ್ನು ಇಬ್ಬರು ಪಾಲು ಮಾಡಿಕೊಂಡು ನೋಡಬೇಕು; ಅವರವರ ಪಾಲು ಅವರವರಿಗೆ. ಇನ್ನೊಬ್ಬರ ತಪ್ಪು ಕಣ್ಣಿಗೆ ಬಿದ್ದರೆ? ಓಡಿ ಬಂದು, ಸರ್ ಅದು ತಪ್ಪು ಎಂದರೆ ಹಿರಿಯರ ಮರ್ಯಾದೆ ಏನಾಗಬೇಕು ಎಂದು ಅವಳೇ ಒಂದು ಉಪಾಯ ಹೇಳಿದಳು. ಹೇಳುವುದಿದ್ದರೆ ಅಂಗೈಯನ್ನು ಎದೆಯ ಮೇಲಿಟ್ಟು ಸುಮ್ಮನೆ ನಿಲ್ಲುವುದು. ಅದನ್ನು ಕಂಡವರು ಹತ್ತಿರ ಬಂದು ಕಿವಿ ಕೊಡುವುದು. ಈ ಸನ್ನೆ ಯಾವ ಪುಸ್ತಕದಲ್ಲೂ ಇಲ್ಲ, ಅಡುಗೆಮನೆಯಲ್ಲಿ ಹುಟ್ಟಿದ್ದು. ಕಲಂ ಸರ್ ಅದಕ್ಕೂ ಒಂದು ಕಲಂ ಸೇರಿಸಿದರು: ಕೈ ಕಂಡ ಮೇಲೂ ಬರದಿದ್ದವರು ರೆಫ್ರಿಯೇ ಅಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸೀಟಿಯೂ ಹಾಗೇ, ಊದಿದರೆ ಹೋಯಿತು.

ಹೆಣ್ಣುಮಕ್ಕಳ ಫೈನಲ್. ನೀಲಿ ಅಂಗಿಯವರಿಗೂ ಬಿಳಿ ಅಂಗಿಯವರಿಗೂ. ಎರಡನೆಯ ಕಾಲು ಭಾಗದಲ್ಲಿ ಚೆಂಡು ಗೆರೆ ದಾಟಿದ್ದು ಯಾರಿಂದ ಎಂಬುದನ್ನು ಕಲಂ ಸರ್ ತಪ್ಪಾಗಿ ಹೇಳಿದ್ದರು. ಸೊಸೆ ಎದೆಗೆ ಕೈ ಇಟ್ಟಳು, ಇವರು ಹೋಗಿ ಕೇಳಿಸಿಕೊಂಡು ತಿದ್ದಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿರಾಮದಲ್ಲಿ ನೀರು ಕುಡಿಯಲು ಹೋದಾಗ ಮುಂದಿನ ಸಾಲಿನ ಒಬ್ಬ ಪಕ್ಕದವನಿಗೆ ಹೇಳಿದ್ದು ಕಿವಿಗೆ ಬಿತ್ತು: ಮಾವ ಊದ್ತಾನೆ, ಸೊಸೆ ತಿದ್ತಾಳೆ. ಪಕ್ಕದವನು ಬಿದ್ದು ಬಿದ್ದು ನಕ್ಕ. ಆ ನಗು ಕಲಂ ಸರ್ ಜೊತೆಗೇ ಅಂಗಳಕ್ಕಿಳಿಯಿತು.

ಕೊನೆಗೆ ಆರು ಸೆಕೆಂಡು ಉಳಿದಿತ್ತು. ನೀಲಿಯವರು ಒಂದು ಅಂಕ ಹಿಂದೆ. ನೀಲಿಯ ಒಂಬತ್ತನೆಯ ನಂಬರಿನ ಗಿಡ್ಡ ಹುಡುಗಿ ಚೆಂಡು ಬಡಿಯುತ್ತಾ ಬಂದು, ದಾರಿ ಕಾಣದೆ ನಿಂತು, ಎರಡೂ ಕೈಯಲ್ಲಿ ಹಿಡಿದಳು. ಎದುರಿಗಿದ್ದ ಬಿಳಿಯ ಉದ್ದನೆಯ ಹುಡುಗಿಯ ಬೆರಳ ತುದಿ ಚೆಂಡಿಗೆ ತಾಕಿತು. ಚೆಂಡು ಕೈ ತಪ್ಪಿ ಬಿತ್ತು, ಒಂಬತ್ತು ಅದನ್ನು ಮತ್ತೆ ಬಡಿಯುತ್ತಾ ಬುಟ್ಟಿಯ ಕಡೆ ಓಡಿದಳು. ಅದು ಸೊಸೆಯ ಪಾಲಿನ ಜಾಗ, ಅವಳು ನಾಲ್ಕು ಹೆಜ್ಜೆ ದೂರದಲ್ಲಿದ್ದಳು, ಅವಳ ಸೀಟಿ ಸುಮ್ಮನಿತ್ತು. ಅಂಗಳದ ಆಚೆ ಬದಿಯಿಂದ ಕಲಂ ಸರ್ ಸೀಟಿ ಕೂಗಿತು. ಎರಡು ಸಲ ಡ್ರಿಬಲ್, ಚೆಂಡು ಬಿಳಿಯವರಿಗೆ.

ಊದುವ ಉಸಿರು ತುಟಿ ದಾಟುವಾಗಲೇ ಅವರಿಗೆ ಗೊತ್ತಾಗಿತ್ತು. ಬೆರಳು ತಗುಲಿದ್ದನ್ನು ಅವರು ಕಂಡಿದ್ದರು. ಹಿಡಿದ ಕೈ, ಮತ್ತೆ ಬಡಿದ ಚೆಂಡು, ಇವೆರಡನ್ನು ಕಂಡರೆ ಊದುವುದು ಮೂವತ್ತು ವರ್ಷದ ಅಭ್ಯಾಸ. ನಡುವೆ ಬಂದ ಬೆರಳಿಗಾಗಿ ಬಾಯಿ ಕಾಯಲಿಲ್ಲ. ತಿದ್ದಬಹುದಿತ್ತು. ಸೀಟಿಯ ನಂತರ ಚೆಂಡು ಬುಟ್ಟಿಗೆ ಬಿದ್ದರೂ ಲೆಕ್ಕಕ್ಕಿಲ್ಲ ನಿಜ, ಆದರೆ ಚೆಂಡು ನೀಲಿಯವರಲ್ಲೇ ಉಳಿಯುತ್ತಿತ್ತು, ಇನ್ನೂ ನಾಲ್ಕು ಸೆಕೆಂಡು ಇತ್ತು. ಅವರು ತಲೆ ಎತ್ತಿದರು. ಸೊಸೆ ಅಂಗೈಯನ್ನು ಎದೆಯ ಮೇಲಿಟ್ಟು ನಿಂತಿದ್ದಳು. ಕಣ್ಣಿಗೆ ಕಣ್ಣು ಕೂಡಿತು. ಮುಂದಿನ ಸಾಲಿನವನು ಆಗಲೇ ನಗಲು ಬಾಯಿ ತೆರೆದಿದ್ದ.

ಕಲಂ ಸರ್ ಬೆನ್ನು ತಿರುಗಿಸಿ, ಚೆಂಡನ್ನು ಬಿಳಿಯವರ ಕೈಗೆ ಕೊಟ್ಟರು.

ಪಂದ್ಯ ಮುಗಿದ ಮೇಲೆ ಆಟಗಾರರು ಸಾಲಾಗಿ ಬಂದು ರೆಫ್ರಿಗಳ ಕೈ ಕುಲುಕಬೇಕು. ಒಂಬತ್ತು ಅಳುತ್ತಲೇ ಬಂದು, ಕಲಿಸಿದ ಹಾಗೆ ‘ಥ್ಯಾಂಕ್ಯೂ ಸರ್’ ಅಂದಳು. ಅವಳ ಕೈ ಬೆವರಿ ತಣ್ಣಗಾಗಿತ್ತು. ಆ ತಣ್ಣಗಿನ ಕೈ ಅನೇಕ ದಿನ ಕಲಂ ಸರ್ ಅಂಗೈಯಲ್ಲಿ ಹಾಗೇ ಇತ್ತು.

ನೀಲಿಯವರು ದೂರು ಕೊಟ್ಟರು. ಫಲಿತಾಂಶ ಬದಲಾಗುವಂತಿರಲಿಲ್ಲ, ಆದರೂ ಸಂಘದ ಕಾರ್ಯದರ್ಶಿ ಇಬ್ಬರಿಂದಲೂ ಬರಹದಲ್ಲಿ ವಿವರಣೆ ಕೇಳಿದರು. ಕಲಂ ಸರ್ ಮೂರು ವಾಕ್ಯ ಬರೆದರು. ನನ್ನ ಜಾಗದಿಂದ ಎದುರಾಳಿಯ ಬೆರಳು ಕಾಣಲಿಲ್ಲ. ಆ ಭಾಗ ಸಹ ರೆಫ್ರಿಯ ಹೊಣೆ. ಆಕೆಯಿಂದ ಯಾವ ಸೂಚನೆಯೂ ಬರಲಿಲ್ಲ. ಎರಡು ಸುಳ್ಳಿನ ನಡುವೆ ಒಂದು ನಿಜ, ಬಸ್ಸಿನ ಸೀಟಿನಲ್ಲಿ ಇಬ್ಬರು ದಢೂತಿಗಳ ನಡುವೆ ಸಿಕ್ಕಿಕೊಂಡವರ ಹಾಗೆ ಉಸಿರು ಬಿಗಿ ಹಿಡಿದು ಕೂತಿತ್ತು. ಸೊಸೆ ಏನು ಬರೆದಳೆಂದು ಅವರು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ಆಮೇಲೆ ಕಾರ್ಯದರ್ಶಿಯೇ ಫೋನು ಮಾಡಿ ಅವಳು ಬರೆದದ್ದನ್ನು ಓದಿ ಹೇಳಿದರು: ‘ನಾನೇ ಹತ್ತಿರ ಇದ್ದೆ. ಹೋಗಿ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ.’ ಸನ್ನೆಯ ಮಾತೇ ಅದರಲ್ಲಿರಲಿಲ್ಲ.

ಕಾರ್ಯದರ್ಶಿ ಇನ್ನೊಂದು ಮಾತನ್ನೂ ಹೇಳಿದರು. ಮೇಲಿನ ದರ್ಜೆಯ ರೆಫ್ರಿ ಪರೀಕ್ಷೆಗೆ ಕಳಿಸುವ ಹೆಸರುಗಳಲ್ಲಿ ಅವಳದ್ದನ್ನು ಸದ್ಯಕ್ಕೆ ತೆಗೆದಿದ್ದಾರೆ. ಜೊತೆಯವರಿಗೆ ಸೂಚನೆ ಕೊಡಲು ಬಾರದವಳನ್ನು ಹೇಗೆ ಕಳಿಸುವುದು? ಆ ಪರೀಕ್ಷೆಗೆ ಮೂವತ್ತೈದು ದಾಟಿರಬಾರದು. ಈ ವರ್ಷ ತಪ್ಪಿದರೆ ಅವಳಿಗೆ ಮೂವತ್ತೈದು ದಾಟುತ್ತಿತ್ತು. ಮೂರು ವರ್ಷದಿಂದ ಅವಳು ಬೆಳಗಿನ ಪಾಳಿಗೆ ಮೊದಲು ಎದ್ದು ಬೀದಿ ತುಂಬ ಓಡಿ ದಮ್ಮು ಗಟ್ಟಿ ಮಾಡಿಕೊಂಡಿದ್ದು ಇದಕ್ಕೇ. ಕಲಂ ಸರ್ ‘ಓಹೋ’ ಎಂದು ಫೋನಿಟ್ಟರು. ಆ ‘ಓಹೋ’ ನೆನೆದಾಗಲೆಲ್ಲ ಅವರಿಗೆ ತಮ್ಮ ಮುಖಕ್ಕೆ ತಾವೇ ಉಗಿಯಬೇಕೆನಿಸುತ್ತಿತ್ತು.

ಸುಳ್ಳು ಒಂದೇ ಬರುವುದಿಲ್ಲ, ಬಳಗ ಕಟ್ಟಿಕೊಂಡು ಬರುತ್ತದೆ. ಕಾಣಲಿಲ್ಲ ಎಂದಮೇಲೆ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಮನೆಯಲ್ಲೇ ಎದ್ದಿತು. ವಯಸ್ಸಾಯಿತು, ಊರವರ ಕಣ್ಣು ನೋಡುತ್ತಾ ನಿಮ್ಮದನ್ನು ಮರೆತಿರಿ ಎಂದು ಹೆಂಡತಿ ಅವರನ್ನು ಅವರದೇ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದರು. ಮಗ ಅಕ್ಷರದ ಹಲಗೆ ತೋರಿಸಿ ಓದಿಸಿದ. ಆ ಹಲಗೆ ಅವರಿಗೆ ಕೊನೆಯ ಸಾಲಿನವರೆಗೂ ಕಂಠಪಾಠ, ಕಣ್ಣಿಗೂ ಸ್ಫಟಿಕದಷ್ಟು ಸ್ಪಷ್ಟ. ನಾಲ್ಕನೆಯ ಸಾಲಿಗೆ ಬಂದಾಗ ಅವರು ತಡವರಿಸಿದರು. ಐದನೆಯದನ್ನು ತಪ್ಪು ಓದಿದರು. ಮಗನ ಮುಖ ಸಣ್ಣದಾಯಿತು. ಅವನು ಅರ್ಧ ದಿನ ಕೂತು, ಬೇರೆ ಗಿರಾಕಿಗಳನ್ನು ಕಾಯಿಸಿ, ಅಪ್ಪನಿಗೆಂದು ಒಳ್ಳೆಯ ಗಾಜು ಉಜ್ಜಿ ಕೊಟ್ಟ.

ಅಂದಿನಿಂದ ಕಲಂ ಸರ್‌ಗೆ ಜಗತ್ತೆಲ್ಲ ಮಂಜು. ಮೆಟ್ಟಿಲು ಎರಡೆರಡಾಗಿ ಕಾಣುತ್ತಿತ್ತು, ಸಂಜೆಗೆ ತಲೆ ಸಿಡಿಯುತ್ತಿತ್ತು. ಸಾವಿರಾರು ಜನರಿಗೆ ಸರಿಯಾದ ಕನ್ನಡಕ ಕೊಟ್ಟ ಮನುಷ್ಯ ತನಗೆ ಬೇಡದ ಕನ್ನಡಕ ಹಾಕಿಕೊಂಡು ಗೋಡೆ ತಡವುತ್ತಾ ನಡೆದ. ಯಾರಿಗೂ ಹೇಳುವಂತಿಲ್ಲ, ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಸೊಸೆ ಎಂದಿನಂತೆ ಚಹಾ ತಂದಿಟ್ಟು, ‘ಮಾವ, ಕಪ್ಪು ಬಲಗಡೆ ಇದೆ’ ಎನ್ನುತ್ತಿದ್ದಳು. ಕುರುಡನಿಗೆ ಹೇಳುವ ಹಾಗೆ, ಮೆತ್ತಗೆ. ಅದಕ್ಕಿಂತ ಅವಳು ಬೈದಿದ್ದರೆ ವಾಸಿಯಿತ್ತು.

ಎರಡು ತಿಂಗಳು ಕಳೆದು, ಹೊಸ ರೆಫ್ರಿಗಳ ತರಗತಿ ಬಂತು. ಹಿಂದಿನ ದಿನ ಪಾಠ ತಯಾರಿಸಲು ಕಲಂ ಸರ್ ಮನೆಯ ಕಪಾಟಿನಿಂದ ನಿಯಮ ಪುಸ್ತಕ ತೆಗೆದರು. ಇಪ್ಪತ್ನಾಲ್ಕನೆಯ ಕಲಮಿನ ಪುಟದಲ್ಲಿ ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ಸಂಘದವರು ಸೊಸೆಗೆ ಕಳಿಸಿದ್ದ ಪ್ರತಿ. ಅದರಲ್ಲಿ ಅವರ ಮೂರು ವಾಕ್ಯ, ಅವರದೇ ಕೈಬರಹದಲ್ಲಿ. ಅವಳು ಅದನ್ನು ಗಂಡನಿಗೆ ತೋರಿಸಿರಲಿಲ್ಲ, ಅತ್ತೆಗೆ ತೋರಿಸಿರಲಿಲ್ಲ. ಈ ಪುಸ್ತಕ ತೆರೆಯುವವರು ಮನೆಯಲ್ಲಿ ಇಬ್ಬರೇ. ಕಲಂ ಸರ್ ಕಾಗದವನ್ನು ಮತ್ತೆ ಮಡಿಚಿ, ಅದೇ ಪುಟದಲ್ಲಿಟ್ಟು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು. ಮೈಮೇಲೆ ಬಟ್ಟೆಯೇ ಇಲ್ಲದವನ ಹಾಗೆ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಶಾಲೆಯೊಂದರ ಚಿತ್ರಕಲೆ ಕೋಣೆಯಲ್ಲಿ ತರಗತಿ. ಬಣ್ಣದ ಕಲೆಯ ಬೆಂಚುಗಳು, ಗೋಡೆಗೆ ಬಿಳಿ ಬೆಡ್‌ಶೀಟು, ಇಪ್ಪತ್ತು ಚಿಲ್ಲರೆ ಜನ. ಸೊಸೆ ಮಧ್ಯಾಹ್ನದ ಪಾಳಿಗೆ ಹೋಗುವವಳು, ಸಮವಸ್ತ್ರ ಹಾಕಿಕೊಂಡೇ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪರೀಕ್ಷೆಯ ಪಟ್ಟಿ ಅಂದೇ ಮಧ್ಯಾಹ್ನ ಮೇಲಿನವರಿಗೆ ಹೋಗಬೇಕಿತ್ತು. ಕಾರ್ಯದರ್ಶಿ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಕೂತಿದ್ದರು. ಹೊಸಬರಿಗೆ ಒಂದು ಸ್ವಾರಸ್ಯದ ವಿಡಿಯೊ ತೋರಿಸುತ್ತೇನೆ ಎಂದು ಅವರು ಯಂತ್ರ ಹಚ್ಚಿದರು. ಯಾರೋ ಆಟಗಾರ್ತಿಯ ಅಪ್ಪ ಮಹಡಿಯಿಂದ ತೆಗೆದದ್ದು. ಬೆಡ್‌ಶೀಟಿನ ಮೇಲೆ ಒಂಬತ್ತು ಚೆಂಡು ಬಡಿಯುತ್ತಾ ಬಂದಳು.

ಬೆರಳು ತಗುಲಿದ್ದು ಸ್ಪಷ್ಟವಾಗಿತ್ತು. ಕಲಂ ಸರ್ ಎದ್ದು ನಿಂತು ಟಿಕೆಟ್ಟಿನ ಪಾಠ ಹೇಳಿದರು. ಇಲ್ಲಿ ಹೊಸ ಟಿಕೆಟ್ ಸಿಕ್ಕಿತ್ತು, ಡ್ರಿಬಲ್ ಸರಿಯಾಗಿತ್ತು, ಸೀಟಿ ತಪ್ಪು, ಊದಿದವನು ನಾನೇ, ನನಗೆ ಬೆರಳು ಕಾಣಲಿಲ್ಲ ಎಂದರು. ಕನ್ನಡಕ ಮುಟ್ಟಿಕೊಂಡು, ಅದಕ್ಕೇ ಇದು ಬಂತು ಎಂದೂ ಸೇರಿಸಿದರು. ಎಲ್ಲರೂ ಪ್ರೀತಿಯಿಂದ ನಕ್ಕರು.

ಆಗ ಹೊಸಬರಲ್ಲಿ ಒಬ್ಬ ಪೋಸ್ಟ್‌ಮನ್ ಕೈ ಎತ್ತಿದ. ದಿನಾ ವಿಳಾಸದ ಮೂಲೆ ಮೂಲೆ ಓದುವವನು, ಅವನ ಕಣ್ಣು ಚಿತ್ರದ ಮೂಲೆಗೆ ಹೋಗಿತ್ತು. ಆ ಇನ್ನೊಬ್ಬ ರೆಫ್ರಿ ಎದೆ ಹಿಡ್ಕೊಂಡು ಯಾಕೆ ನಿಂತಿದಾರೆ, ಮೈ ಸರಿ ಇರಲಿಲ್ಲವೇ ಎಂದು ಕೇಳಿದ. ಕಾರ್ಯದರ್ಶಿ ಚಿತ್ರ ನಿಲ್ಲಿಸಿದರು. ಬೆಡ್‌ಶೀಟಿನ ಅಂಚಿನಲ್ಲಿ ಸೊಸೆ, ಎದೆಯ ಮೇಲೆ ಅಂಗೈ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲಂ ಸರ್ ಕೈ ತಾನಾಗಿಯೇ ತಮ್ಮ ಎದೆಗೆ ಹೋಗಿ, ಬೆಚ್ಚಿ ಕೆಳಗಿಳಿಯಿತು.

ಹಿಂದಿನ ಬೆಂಚಿನಿಂದ ಸೊಸೆಯ ದನಿ ಬಂತು. “ಓಡಿ ಓಡಿ ಉಸಿರು ಕಟ್ಟಿತ್ತು, ಅಷ್ಟೇ.”

ಮತ್ತೆ ನಗು. ಕಾರ್ಯದರ್ಶಿ ನಗುತ್ತಲೇ, ಹಾಗಾದರೆ ದಮ್ಮಿನದ್ದೂ ಬರೆದುಕೊಳ್ಳಬೇಕಾಯಿತಲ್ಲ ಎಂದು ಪಟ್ಟಿಯ ಬದಿಗೆ ಏನೋ ಗೀಚಿದರು. ಮೂರು ವರ್ಷ ಬೀದಿ ಓಡಿದವಳು ಉಸಿರು ಕಟ್ಟಿತ್ತು ಎಂದದ್ದು ಯಾರ ಮಾನ ಉಳಿಸಲು? ಕಲಂ ಸರ್‌ಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು.

“ಉಸಿರಲ್ಲ ಅದು,” ಎಂದರು. ಅದು ತಮ್ಮಿಬ್ಬರ ನಡುವಿನ ಸನ್ನೆ, ಅವಳು ಸೂಚನೆ ಕೊಟ್ಟಿದ್ದಳು ಎಂದು ವಿವರಿಸಿದರು. ಅಷ್ಟು ಹೇಳುವುದರೊಳಗೆ ಬೆನ್ನು ಒದ್ದೆಯಾಗಿತ್ತು.

“ನೀವು ನೋಡಲಿಲ್ವಾ ಸರ್?” ಕಾರ್ಯದರ್ಶಿ ಕೇಳಿದರು.

ಒಂದೇ ಒಂದು ಮಾತು ಬಾಕಿಯಿತ್ತು. ಇಪ್ಪತ್ತು ಮುಖಗಳು ಗೌರವದಿಂದ ಇವರನ್ನೇ ನೋಡುತ್ತಿದ್ದವು.

“ಕಾಣಲಿಲ್ಲ,” ಎಂದರು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾಗದ್ದು ಮಾತ್ರವಲ್ಲ, ಮೆಚ್ಚುಗೆಯೂ ಸಿಕ್ಕಿತು. ಹಿರಿಯರು ಎಲ್ಲರೆದುರು ತಪ್ಪು ಒಪ್ಪಿಕೊಂಡರಲ್ಲ, ದೊಡ್ಡ ಮನಸ್ಸು ಎಂದು ಪೋಸ್ಟ್‌ಮನ್ನೇ ಮೊದಲು ಚಪ್ಪಾಳೆ ತಟ್ಟಿದ, ಉಳಿದವರು ಸೇರಿಕೊಂಡರು. ಕಾರ್ಯದರ್ಶಿ ಮಾತ್ರ ನಿಯಮದ ಮನುಷ್ಯ. ಜೊತೆಯವರಿಗೆ ಕಾಣದ ಸನ್ನೆ ಸನ್ನೆಯೇ ಅಲ್ಲ, ಕಾಣದಿದ್ದರೆ ಓಡಿ ಬಂದು ಹೇಳಬೇಕಿತ್ತು, ಆದ್ದರಿಂದ ಪಟ್ಟಿ ಇದ್ದ ಹಾಗೇ ಇರಲಿ ಎಂದು ತೀರ್ಪು ಕೊಟ್ಟು, ಚಹಾಕ್ಕೆ ಬಿಡುವು ಕೊಟ್ಟರು.

ಸೊಸೆ ಚೀಲ ಹೆಗಲಿಗೇರಿಸಿ ಹೊರಟಳು. ಹೊರಗೆ ನಲ್ಲಿಯ ಹತ್ತಿರ ಚಹಾದ ಲೋಟ ತೊಳೆಯುತ್ತಿದ್ದಾಗ ಕಲಂ ಸರ್ ಹಿಂದೆಯೇ ಹೋಗಿ ನಿಂತರು. ನಾನು ಹೇಳಿದೆನಲ್ಲ ಎಂಬಂತೆ ಏನೋ ಗೊಣಗಿದರು. ಅವಳು ನಲ್ಲಿ ನಿಲ್ಲಿಸಿದಳು.

“ಬಸ್ಸಿನ ಬೋರ್ಡು ಓದೋಕೆ ನೀವು ಕನ್ನಡಕ ತೆಗೀತೀರಿ ಮಾವ,” ಎಂದಳು. “ದಿನಾ ಬಾಗಿಲಲ್ಲಿ ನಿಂತು ನೋಡ್ತೀನಿ. ತೆಗೆದು ಓದ್ತೀರಿ, ನಾನು ಕಂಡ ತಕ್ಷಣ ಹಾಕ್ಕೊಳ್ತೀರಿ.”

ಅವರ ಕೈ ಕನ್ನಡಕದ ಕಡ್ಡಿಗೆ ಹೋಯಿತು.

“ಪರೀಕ್ಷೆ ಹೋದ್ರೆ ಹೋಗ್ಲಿ. ನಿಮ್ಮ ಮಗ ರಾತ್ರಿ ನಿದ್ದೆ ಮಾಡ್ತಿಲ್ಲ. ಅಪ್ಪನ ಕಣ್ಣು ಹೋಗ್ತಿದೆ ಅಂತ ಅಳ್ತಾರೆ. ಅವರಿಗೆ ಏನು ಹೇಳಲಿ ಹೇಳಿ.”

ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಅವಳು ಗೇಟಿನ ಕಡೆ ನಡೆದಳು. ಕಲಂ ಸರ್ ನಲ್ಲಿಯ ಮುಂದೆ ನಿಂತೇ ಇದ್ದರು. ಸೊಸೆಯ ಪರೀಕ್ಷೆ, ಒಂಬತ್ತರ ತಣ್ಣಗಿನ ಕೈ, ಮಗ ಅರ್ಧ ದಿನ ಕೂತು ಉಜ್ಜಿದ ಗಾಜು, ಎಲ್ಲವೂ ಒಟ್ಟಿಗೆ ಮೇಲೆ ಬಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಸರಿ. ಬಾರದ ಮಾನವನ್ನು ಕಾದುಕೊಂಡು ಇನ್ನು ಯಾರ ಯಾರ ತಲೆ ಮೆಟ್ಟುವುದು?

ಅವರು ಒಳಗೆ ಹೋದಾಗ ಎಲ್ಲರೂ ಚಹಾ ಹಿಡಿದು ಕೂತಿದ್ದರು, ಕಾರ್ಯದರ್ಶಿ ಪಟ್ಟಿಯನ್ನು ಲಕೋಟೆಗೆ ಹಾಕುತ್ತಿದ್ದರು. ಕಲಂ ಸರ್ ಕನ್ನಡಕ ತೆಗೆದು ಲಕೋಟೆಯ ಮೇಲಿಟ್ಟರು.

“ಕಂಡಿತ್ತು,” ಎಂದರು. “ಬೆರಳೂ ಕಂಡಿತ್ತು, ಅವಳ ಕೈಯೂ ಕಂಡಿತ್ತು. ಕಂಡು ಬೆನ್ನು ತಿರುಗಿಸ್ದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೋಸ್ಟ್‌ಮನ್ ತನ್ನ ಚಪ್ಪಾಳೆ ವಾಪಸು ಬೇಕೆನ್ನುವವನಂತೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಕಾರ್ಯದರ್ಶಿ ಮುಖ ನೋಡದೆ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. ಕಲಂ ಸರ್ ಕೂತು ಬರೆದರು. ನೀಲಿ ತಂಡಕ್ಕೂ ಒಂದು ಪ್ರತಿ ಹೋಗಲಿ ಎಂದು ಕೆಳಗೆ ಸೇರಿಸಿದರು. ಕಾರ್ಯದರ್ಶಿ ಲಕೋಟೆ ಬಿಚ್ಚಿ ಪಟ್ಟಿಗೆ ಒಂದು ಹೆಸರು ಹತ್ತಿಸಿದರು. ಬೋಧಕರ ಪಟ್ಟಿಯಿಂದ ಇನ್ನೊಂದು ಹೆಸರು ಹೊಡೆದು ಹಾಕುವುದನ್ನು ನಾಳೆಗೆ ಬಿಡುತ್ತೇನೆ ಎಂದು ದಾಕ್ಷಿಣ್ಯದಿಂದ ಹೇಳಿದಾಗ, ಈಗಲೇ ಹೊಡೆಯಿರಿ ಎಂದರು ಕಲಂ ಸರ್.

ಮಧ್ಯಾಹ್ನ ಅವರು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ದೂರದ ತಿರುವಿನಲ್ಲಿ ಬಸ್ಸು ಕಂಡಾಗಲೇ ಬೋರ್ಡು ಓದಿದರು, ಬರಿಗಣ್ಣಿನಲ್ಲಿ. ಬಸ್ಸು ಬಂದು ನಿಂತಿತು. ಜನ ಕಿಕ್ಕಿರಿದಿದ್ದರು, ಬಾಗಿಲಲ್ಲಿ ಸೊಸೆ, ಬಾಯಲ್ಲಿ ಸೀಟಿ. ಹತ್ತುವವರು ಹತ್ತಿದರು. ಕಲಂ ಸರ್ ಕೆಳಗೇ ಉಳಿದರು. ಏನೆಂದು ಹೇಳಿ ಹತ್ತುವುದು? ಅವರು ಅಂಗೈಯನ್ನು ಎದೆಯ ಮೇಲಿಟ್ಟು ನಿಂತರು.

ಸೊಸೆ ನೋಡಿದಳು. ಡ್ರೈವರ್ ಹಾರನ್ ಹೊಡೆದ, ಒಳಗಿದ್ದವರು ಹೊತ್ತಾಯಿತೆಂದು ಗೊಣಗಿದರು. ಅವಳು ಸೀಟಿಯನ್ನು ಬಾಯಿಂದ ತೆಗೆದು, ಜನರನ್ನು ಸರಿಸಿ, ಮೆಟ್ಟಿಲಿಳಿದು ಹತ್ತಿರ ಬಂದು ಕಿವಿ ಕೊಟ್ಟಳು. ಕಂಡವರು ಬರಲೇಬೇಕು ಎಂಬುದು ಅವರೇ ಹೇಳಿಕೊಟ್ಟ ಕಲಂ. ಅಂದು ಅವರಿಗೆ ಹತ್ತು ಹೆಜ್ಜೆ ದೂರವಾಗಿತ್ತು. ಇವಳು ತುಂಬಿದ ಬಸ್ಸು ನಿಲ್ಲಿಸಿ ಬಂದಿದ್ದಳು. ಅವರ ಕಣ್ಣು ತುಂಬಿ, ಅಷ್ಟು ಹೊತ್ತು ಸ್ಪಷ್ಟವಾಗಿದ್ದ ಅವಳ ಮುಖ ಮಸುಕಾಯಿತು.

“ಕಂಡಿತ್ತು ಅಂತ ಹೇಳಿ ಬಂದೆ,” ಎಂದರು.

ಅವಳು ಹೆಗಲ ಚೀಲವನ್ನು ಮೇಲಕ್ಕೆ ಸರಿಸಿಕೊಂಡಳು. “ಮನೇಲಿ ಅವರಿಗೆ ನೀವೇ ಹೇಳ್ಬೇಕು,” ಎಂದಳು. “ಹತ್ತಿ ಮಾವ, ಜನ ಕಾಯ್ತಿದಾರೆ.”

ಅವರು ಹತ್ತಿದರು. ಯಾರೋ ಎದ್ದು ಸೀಟು ಕೊಡಲು ಬಂದರೆ ಬೇಡವೆಂದು, ಕಂಬಿ ಹಿಡಿದು ನಿಂತು, ಟಿಕೆಟ್ಟಿಗೆ ಕೈ ಚಾಚಿದರು.